ಜುನ್ನರಿಗೆ ಯಾವ ತಿಂಗಳು ಬಂದರೂ ಸರಿ

ಪುಣೆಗೆ ಬರುವ ನಮ್ಮ ಕಡೆಯ ನೆಂಟರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಶನಿವಾರವಾಡಾ, ದಗಡೂಶೇಟ್ ಗಣಪತಿ, ಆಗಾಖಾನ್ ಅರಮನೆ, ಸಿಂಹಗಡ. ಲಕ್ಷ್ಮಿ ರೋಡಿನಲ್ಲಿ ಸೀರೆ, ಊರಿಗೆ ಒಯ್ಯಲು ಬಾಕರವಡಿ. ಮೂರನೇ ದಿನ ಶಿರ್ಡಿ ಬಸ್ಸು. ಭಕ್ತಿ ಸ್ವಲ್ಪ ಜಾಸ್ತಿ ಇದ್ದವರಾದರೆ ಅಷ್ಟವಿನಾಯಕ ಯಾತ್ರೆ: ಎಂಟು ಗಣಪತಿ, ಎರಡು ದಿನ, ಒಂದು ಟೆಂಪೋ ಟ್ರಾವೆಲರ್. ಶಿರಸಿ ಸೀಮೆಯಿಂದ ಬಂದು ಈ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಳೆದಿರುವ ನಾನು ಬಂದವರ ಪಟ್ಟಿಗೆಲ್ಲ ಒಂದು ಹೆಸರು ಸೇರಿಸುತ್ತಲೇ ಇರುತ್ತೇನೆ: ಜುನ್ನರ್. ಕೂಡಲೇ ಎರಡು ಪ್ರಶ್ನೆ ಬರುತ್ತವೆ. "ಅಲ್ಲೇನಿದೆ?" ಎಂಬುದು ಒಂದು, "ಸೀಸನ್ ಯಾವುದು?" ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ. ಯಾವ ತಿಂಗಳು ಬಂದರೂ ಸರಿ. ಏಕೆಂದು ಹೇಳಹೊರಟರೆ ಮೊದಲನೆಯ ಪ್ರಶ್ನೆಗೂ ಉತ್ತರ ಕೊಟ್ಟಂತಾಗುತ್ತದೆ.

ಜುನ್ನರ್ ಇರುವುದು ಪುಣೆಯ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ. ನಾಶಿಕ್ ರಸ್ತೆ ಹಿಡಿದು ರಾಜಗುರುನಗರ, ಮಂಚರ್ ದಾಟಿ ನಾರಾಯಣಗಾವಿನಲ್ಲಿ ಎಡಕ್ಕೆ ತಿರುಗಬೇಕು. ಎಸ್.ಟಿ. ಬಸ್ಸಿನಲ್ಲಿ ಮೂರು ಗಂಟೆಯ ಹಾದಿ ಎನ್ನಿ. ಜಿಲ್ಲೆ ಪುಣೆಯದೇ. ಆದರೂ ಪುಣೆಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಂದಿ ಶಿವನೇರಿ ಕೋಟೆಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದ್ದು ಬಿಟ್ಟರೆ ಮತ್ತೆ ಆ ಕಡೆ ತಲೆ ಹಾಕಿದವರಲ್ಲ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಜುನ್ನರನ್ನು ಪ್ರವಾಸೋದ್ಯಮ ತಾಲ್ಲೂಕು ಎಂದು ಘೋಷಿಸಿತು. 2025ರಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಶಿವನೇರಿಯೂ ಅದರಲ್ಲಿ ಬಂತು. ಇಷ್ಟಾದರೂ ನಮ್ಮ ಕರ್ನಾಟಕದ ಪ್ರವಾಸಿಗಳಿಗೆ ಅದು ಇನ್ನೂ ದಾರಿಯ ಮೇಲಿನ ಒಂದು ಬೋರ್ಡು ಮಾತ್ರ.

ಜುನ್ನರಿಗೆ ಹೋಗುವ ಮುಂಚೆ, ಈ ಸೀಮೆಗೂ ನಮಗೂ ಇರುವ ಹಳೇ ನಂಟನ್ನು ಸ್ವಲ್ಪ ನೋಡಿಬಿಡೋಣ. ಪುಣೆ ಎಂಬ ಹೆಸರು ದಾಖಲೆಯಲ್ಲಿ ಕಾಣಿಸಿಕೊಳ್ಳುವುದೇ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ. ಅವುಗಳಲ್ಲೊಂದು ಒಂದನೆಯ ಕೃಷ್ಣನದು, ಕ್ರಿ.ಶ. 768ರದು. ಪುಣೆಯ ಹತ್ತಿರದ ತಳೇಗಾವಿನಲ್ಲಿ ಸಿಕ್ಕಿತು. ಪುಣೆಯ ಸೀಮೆಯ ಹಳ್ಳಿಯೊಂದನ್ನು ದಾನ ಕೊಟ್ಟ ಈ ಪಟ ಹೊರಟದ್ದು ಮಣ್ಣೆಯ ಬೀಡಿನಿಂದ. ಯಾವ ಮಣ್ಣೆ ಅಂತೀರಾ? ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ. ಗಂಗರ ಮೇಲೆ ದಂಡೆತ್ತಿ ಹೋಗಿದ್ದ ದೊರೆ, ಅಲ್ಲೇ ಗುಡಾರದಲ್ಲಿ ಕೂತು ಪುಣೆಯ ಭೂಮಿಯ ಕಾಗದಪತ್ರ ಮುಗಿಸಿದ. ಇವತ್ತು ಬೆಂಗಳೂರಿನ ಕಂಪನಿಯವರು ಪುಣೆಯ ಆಫೀಸಿಗೆ ಆರ್ಡರ್ ಕಳಿಸುವುದನ್ನು ನೋಡಿದಾಗ ನನಗೆ ಈ ತಾಮ್ರಪಟ ನೆನಪಾಗಿ ನಗು ಬರುತ್ತದೆ.

ಇನ್ನೊಂದು ನಂಟು ಇದಕ್ಕಿಂತ ಹಳೆಯದು. ನನ್ನ ಮಟ್ಟಿಗೆ ಇದಕ್ಕಿಂತ ಹತ್ತಿರದ್ದೂ ಹೌದು. ಮುಂಬಯಿ ರಸ್ತೆಯಲ್ಲಿ ಲೋಣಾವಳದ ಹತ್ತಿರ ಕಾರ್ಲೆಯ ಗುಹೆಗಳಿವೆ. ಅಲ್ಲಿನ ಚೈತ್ಯಗೃಹದ ಬಾಗಿಲ ಬಳಿ ಬ್ರಾಹ್ಮಿ ಲಿಪಿಯಲ್ಲಿ ಒಂದು ಶಾಸನವಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ಬನವಾಸಿ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಶಿರಸಿಯಿಂದ ಬನವಾಸಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಸುಮಾರು ಎರಡು ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದೂರಿನ ಸೆಟ್ಟಿಯೊಬ್ಬ ಇಷ್ಟು ದೂರ ಬಂದು, ಭಾರತದ ದೊಡ್ಡ ಚೈತ್ಯಗಳಲ್ಲೊಂದನ್ನು ಮುಗಿಸಿಕೊಟ್ಟಿದ್ದಾನೆ ಎಂದು ತಿಳಿದ ದಿನ, ಪುಣೆಯಲ್ಲಿ ಮನೆ ಮಾಡಿಕೊಂಡ ನಾನೇನೂ ಹೊಸ ಸಾಹಸ ಮಾಡಿಲ್ಲ ಅನ್ನಿಸಿತು.

ಸೆಟ್ಟಿ ಇಲ್ಲಿಗೇ ಏಕೆ ಬಂದ? ಘಟ್ಟದ ದಾರಿಗಾಗಿ. ಸಮುದ್ರದ ದಂಡೆಯ ಬಂದರುಗಳಿಗೆ ಹಡಗು ಬರುತ್ತಿತ್ತು. ಮೇಲಿನ ಬಯಲಿನಲ್ಲಿ ಸರಕು ಇತ್ತು. ನಡುವೆ ಗೋಡೆಯ ಹಾಗೆ ಸಹ್ಯಾದ್ರಿ. ಹತ್ತಿ ಇಳಿಯಲು ಅಲ್ಲಲ್ಲಿ ಕೆಲವೇ ಕಂಡಿಗಳು. ಕಾರ್ಲೆ ಇರುವುದು ಅಂಥ ಒಂದು ಕಂಡಿಯ ಮೇಲ್ತುದಿಯಲ್ಲಿ. ಅಲ್ಲಿಂದ ಉತ್ತರಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಇನ್ನೊಂದು ಕಂಡಿ ಇದೆ, ನಾಣೇಘಾಟ್. ಆ ಘಟ್ಟದ ತಲೆಯ ಮೇಲೆ ಕೂತ ಪೇಟೆಯೇ ಜುನ್ನರ್. ಕಾರ್ಲೆಗೆ ಜನ ಹೋಗುತ್ತಾರೆ, ಹೆದ್ದಾರಿ ಪಕ್ಕದಲ್ಲೇ ಇದೆಯಲ್ಲ. ಜುನ್ನರಿನ ಸುತ್ತಲ ಬೆಟ್ಟಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುಹೆಗಳಿವೆ. ದೇಶದಲ್ಲಿ ಬೇರೆ ಯಾವ ಒಂದೂರಿನ ಸುತ್ತಲೂ ಇಷ್ಟಿಲ್ಲ ಎನ್ನುತ್ತಾರೆ ತಿಳಿದವರು. ಕೇಳುವವರು ಮಾತ್ರ ಕಡಿಮೆ.

ಈಗ ಮಳೆಗಾಲದಿಂದ ಶುರುಮಾಡೋಣ. ಮಲೆನಾಡಿನವನಿಗೆ ಮಳೆಯ ಬಗ್ಗೆ ಹೇಳಬೇಡಿ ಎಂದು ನಾನೂ ಅಂದುಕೊಳ್ಳುವವನೇ. ಆದರೆ ನಾಣೇಘಾಟಿನ ಮಳೆಗೆ ಒಂದು ವಿಶೇಷವಿದೆ. ಬೆಟ್ಟದ ಅಂಚು ಪಡುವಣಕ್ಕೆ ಮುಖ ಮಾಡಿ ಕತ್ತಿಯಿಂದ ಕತ್ತರಿಸಿದ ಹಾಗೆ ನಿಂತಿದೆ. ಸಮುದ್ರದಿಂದ ಬರುವ ಗಾಳಿ ಈ ಗೋಡೆಗೆ ಬಡಿದು ಮೇಲಕ್ಕೆ ಏರುತ್ತದೆ. ಅಂಚಿನಿಂದ ಕೆಳಗೆ ಬೀಳಬೇಕಾದ ತೊರೆಯ ನೀರನ್ನು ಆ ಗಾಳಿ ಎತ್ತಿ ವಾಪಸು ನಮ್ಮ ಮುಖಕ್ಕೇ ಎರಚುತ್ತದೆ. ಮೇಲಕ್ಕೆ ಬೀಳುವ ಜಲಪಾತ ಎಂದು ಜನ ನೋಡಲು ಬರುವುದು ಇದನ್ನೇ. ಜುಲೈ, ಆಗಸ್ಟಿನ ಶನಿವಾರ ಭಾನುವಾರ ಮಾತ್ರ ಆ ಕಡೆ ಹೋಗಬೇಡಿ. ಕಾರುಗಳ ಸಾಲು, ಡಬ್ಬದ ಹಾಡು. ವಾರದ ನಡುವೆ ಹೋದರೆ ಗದ್ದೆಯಲ್ಲಿ ನಾಟಿ ಮಾಡುವವರು ಬೆನ್ನ ಮೇಲೆ ಎಲೆಯ 'ಇರಲೆ' ಹೊತ್ತಿರುವುದು ಕಾಣಬಹುದು. ನಮ್ಮ ಗೊರಬಿನ ಅಣ್ಣನೋ ತಮ್ಮನೋ ಅದು.

ಆದರೆ ಆ ಕಂಡಿಯಲ್ಲಿ ಜಲಪಾತಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಘಟ್ಟದ ಮೇಲ್ತುದಿಗೆ ಸ್ವಲ್ಪ ಕೆಳಗೆ ಬಂಡೆ ಕೊರೆದು ಮಾಡಿದ ಒಂದು ಕೋಣೆ. ಮೂರು ಗೋಡೆಗಳ ಮೇಲೆ ಬ್ರಾಹ್ಮಿ ಅಕ್ಷರ. ಬರೆಸಿದವಳು ಸಾತವಾಹನರ ರಾಣಿ ನಾಗನಿಕಾ, ಗಂಡ ಶಾತಕರ್ಣಿ ತೀರಿಕೊಂಡ ಮೇಲೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಮಾತು ಎನ್ನುತ್ತಾರೆ ಹೆಚ್ಚಿನವರು. ಅಶ್ವಮೇಧ, ರಾಜಸೂಯ ಮೊದಲಾದ ಯಜ್ಞಗಳು, ಒಂದೊಂದರಲ್ಲೂ ಕೊಟ್ಟ ಹಸು, ಕುದುರೆ, ಆನೆ, ನಾಣ್ಯಗಳ ಲೆಕ್ಕ ಎಲ್ಲ ಅದರಲ್ಲಿದೆ. ಲೆಕ್ಕ ಇದ್ದ ಮೇಲೆ ಅಂಕಿಗಳೂ ಇರಬೇಕಲ್ಲ. ನಾವು ಇವತ್ತು ಬರೆಯುವ ಅಂಕಿಗಳ ಪೂರ್ವಜರ ಅತಿ ಹಳೆಯ ಉದಾಹರಣೆಗಳಲ್ಲಿ ಕೆಲವು ಈ ಗೋಡೆಯ ಮೇಲಿವೆ. ಒಳಗೋಡೆಯಲ್ಲಿ ಮೊದಲು ಮೂರ್ತಿಗಳಿದ್ದವು: ಸಿಮುಕ ಸಾತವಾಹನ, ರಾಣಿ, ರಾಜ, ಕುಮಾರರು, ಒಬ್ಬ ಮಹಾರಠಿ. 1828ರಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಈ ಗುಹೆಯನ್ನು ಹೊರಜಗತ್ತಿಗೆ ತಿಳಿಸಿದ. ಇವತ್ತು ಹೋಗಿ ನೋಡಿದರೆ ಮೇಲೆ ಹೆಸರುಗಳಿವೆ, ಕೆಳಗೆ ಪಾದಗಳ ಗುರುತಿದೆ. ನಡುವಿನ ಮನುಷ್ಯರಿಲ್ಲ.

ಆ ಮುಖಗಳನ್ನು ಕಾಣಬೇಕೆಂದರೆ ಕರ್ನಾಟಕಕ್ಕೇ ಬರಬೇಕು. ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೊರೆದ ರಾಜರ ಶಿಲ್ಪಗಳು ಸಿಕ್ಕಿವೆ. 'ರಾಯ ಅಶೋಕ' ಎಂಬ ಹೆಸರಿನ ಶಿಲ್ಪ ಅಲ್ಲಿನದೇ. ಸ್ತೂಪಕ್ಕೆ ಬೆಳ್ಳಿಯ ತಾವರೆ ಕೊಡುವ ಶಾತಕರ್ಣಿಯ ಶಿಲ್ಪವೂ ಅಲ್ಲಿದೆ. ಒಂದೇ ವಂಶ. ಪಾದ ಇಲ್ಲಿ ಉಳಿದಿದೆ, ಮುಖ ಅಲ್ಲಿ ಉಳಿದಿದೆ. ಎರಡನ್ನೂ ನೋಡಿದವನಿಗೆ ಮಾತ್ರ ಪೂರ್ತಿ ಚಿತ್ರ. ಕಲಬುರಗಿ ಕಡೆಯ ಓದುಗರು ಯಾರಾದರೂ ಇದ್ದರೆ ಅವರಿಗೆ ನಾಣೇಘಾಟ್ ನೋಡಲು ಇದಕ್ಕಿಂತ ಒಳ್ಳೆ ಕಾರಣ ಬೇಕಾಗಿಲ್ಲ.

ಕಂಡಿಯ ಮೇಲೆ ಒಂದು ದೊಡ್ಡ ಕಲ್ಲಿನ ಕೊಡವಿದೆ. ಸುಂಕದ ನಾಣ್ಯ ಅದರೊಳಗೆ ಹಾಕುತ್ತಿದ್ದರಂತೆ, ಸಂಜೆಯೊಳಗೆ ತುಂಬುತ್ತಿತ್ತಂತೆ. ಇದು ಸ್ಥಳೀಯರು ಹೇಳುವ ಕಥೆ. ನಿಜವೋ ಸುಳ್ಳೋ, ಈಗಿನ ಟೋಲ್ ನಾಕಾದಲ್ಲಿ ಕಾದು ಬಂದವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ಮಳೆ ಇಲ್ಲಿಯ ಚರಿತ್ರೆಯನ್ನೂ ಮಾಡಿದೆ ಎಂದು ನಾನು ಹೇಳುವುದು ಸುಮ್ಮನೆ ಅಲ್ಲ. ಬೌದ್ಧ ಭಿಕ್ಷುಗಳಿಗೆ ವರ್ಷವಿಡೀ ತಿರುಗಾಟ, ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲಬೇಕೆಂಬ ನಿಯಮ. ನಮ್ಮ ಮಠದ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಕೂರುವ ಹಾಗೆ. ಘಟ್ಟದ ಮಳೆಯಲ್ಲಿ ಒಣ ಜಾಗ ಬೇಕಾದರೆ ಬಂಡೆಯೊಳಗೇ ಬೇಕು. ಮಳೆಯಲ್ಲಿ ಲೇಣ್ಯಾದ್ರಿಯ ಗುಹೆಯೊಳಗೆ ಅರ್ಧ ಗಂಟೆ ಕೂತು ಹೊರಗೆ ನೋಡಿ. ಎದುರಿಗೆ ನೀರಿನ ಪರದೆ, ಬೆನ್ನಿಗೆ ಬೆಚ್ಚನೆಯ ಕಲ್ಲು. ಗುಹೆ ಏಕೆ ಬೇಕಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಮಳೆಯಲ್ಲಿ ಸಿಕ್ಕಿಕೊಂಡ ಇನ್ನೊಬ್ಬನ ಕಥೆಯಂತೂ ಸ್ವಾರಸ್ಯವಾಗಿದೆ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1469ರ ಸುಮಾರಿಗೆ ಚೌಲ್ ಬಂದರಿನಲ್ಲಿ ಇಳಿದು, ಮಾರಲೆಂದು ತಂದ ಒಂದು ಕುದುರೆಯೊಂದಿಗೆ ಘಟ್ಟ ಹತ್ತಿ ಜುನ್ನರಿಗೆ ಬಂದ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರಲು ಇನ್ನೂ ಮೂವತ್ತು ವರ್ಷ ಇತ್ತು. ಬಂದವನನ್ನು ಮಳೆ ಹಿಡಿದು ಕೂರಿಸಿತು. ಎಲ್ಲೆಲ್ಲೂ ನೀರು, ಕೆಸರು ಎಂದು ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಆತ ಗೊಣಗಿದ್ದಾನೆ. ಅಷ್ಟು ಸಾಲದೆಂದು ಜುನ್ನರಿನ ಅಧಿಕಾರಿ ಅಸದ್ ಖಾನ್ ಅವನ ಕುದುರೆಯನ್ನು ಕಟ್ಟಿಹಾಕಿಕೊಂಡ. ಧರ್ಮ ಬದಲಿಸಿದರೆ ಕುದುರೆ ವಾಪಸು, ಮೇಲೆ ಸಾವಿರ ಹೊನ್ನು. ಇಲ್ಲವಾದರೆ ಕುದುರೆಯೂ ಇಲ್ಲ, ಸಾವಿರ ಹೊನ್ನು ನೀನೇ ಕಟ್ಟಬೇಕು ಎಂದ. ನಾಲ್ಕು ದಿನದ ಗಡುವು. ಭಾಷೆ ತಿಳಿಯದ ಊರಲ್ಲಿ, ಮಳೆಯಲ್ಲಿ, ಒಬ್ಬನೇ ಮನುಷ್ಯ. ಕೊನೆಗೆ ಖುರಾಸಾನದ ಮುಸ್ಲಿಮನೊಬ್ಬ ಮಧ್ಯೆ ಬಂದು ಖಾನನಿಗೆ ಹೇಳಿ ಕುದುರೆ ಬಿಡಿಸಿಕೊಟ್ಟ. ಅವನೂ ಹೊರಗಿನವನೇ ಎಂಬುದನ್ನು ಗಮನಿಸಿ. ಮಳೆ ನಿಂತ ಮೇಲೆ ನಿಕಿತಿನ್ ಹೊರಟದ್ದು ಎಲ್ಲಿಗೆ? ನಮ್ಮ ಬೀದರಿಗೆ. ಬಹಮನಿಗಳ ರಾಜಧಾನಿ ಆಗ ಅದೇ. ಜುನ್ನರ್ ಸೀಮೆ ಇದ್ದದ್ದು ಅಲ್ಲಿಯ ಪ್ರಧಾನಿ ಮಹಮೂದ್ ಗವಾನನ ಕೈಕೆಳಗೆ. ಬೀದರಿನಲ್ಲಿ ಗವಾನನ ಮದರಸಾ ಕಟ್ಟಿಮುಗಿದದ್ದು 1472ರಲ್ಲಿ. ಬೀದರಿನವರು ಗವಾನನ ಮದರಸಾ ತೋರಿಸಿದಾಗೆಲ್ಲ ನಾನು ಜುನ್ನರಿನ ಕೆಸರನ್ನು ನೆನೆಯುತ್ತೇನೆ.

ದೀಪಾವಳಿ ಕಳೆದ ಮೇಲೆ ಬೆಟ್ಟ ಒಣಗಿ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ನಡೆಯುವವರಿಗೆ ಇದು ಸರಿಯಾದ ಕಾಲ. ಹಿಂದೆ ಸಾರ್ಥಗಳು ಹೊರಡುತ್ತಿದ್ದುದೂ ಮಳೆ ನಿಂತ ಮೇಲೆಯೇ. ಈ ಕಾಲದಲ್ಲಿ ಗುಹೆಗಳ ಶಾಸನ ನೋಡುತ್ತ ಹೋಗಬೇಕು. ಅಷ್ಟವಿನಾಯಕದ ಯಾತ್ರಿಕರು ಲೇಣ್ಯಾದ್ರಿಗೆ ಬರುತ್ತಾರೆ. ಮುನ್ನೂರರಷ್ಟು ಮೆಟ್ಟಿಲು ಹತ್ತಿ, ಗಿರಿಜಾತ್ಮಜನಿಗೆ ಕೈಮುಗಿದು, ಗಡಿಯಾರ ನೋಡಿಕೊಂಡು ಇಳಿಯುತ್ತಾರೆ. ಗಣಪತಿ ಕೂತಿರುವ ಆ ದೊಡ್ಡ ಕೋಣೆ ಭಿಕ್ಷುಗಳ ವಿಹಾರವಾಗಿತ್ತು, ಸುತ್ತಲಿನ ಸಣ್ಣ ಕೋಣೆಗಳು ಅವರು ಮಲಗುತ್ತಿದ್ದ ಜಾಗ. ಪಕ್ಕದ ಗುಹೆಯ ಚೈತ್ಯವನ್ನು ಕಲ್ಯಾಣದ ಸುಲಸದತ್ತ ಎಂಬವನು ಕೊಟ್ಟ ಎಂದು ಅಲ್ಲೇ ಬರೆದಿದೆ. ಹೇರಣಿಕನ ಮಗನಂತೆ, ಅಂದರೆ ಚಿನ್ನದ ವ್ಯವಹಾರದವನು. ಕಲ್ಯಾಣ ಎಂದರೆ ಘಟ್ಟದ ಕೆಳಗಿನ, ಈಗಿನ ಮುಂಬಯಿ ಲೋಕಲ್ ರೈಲಿನ ಕಲ್ಯಾಣ. ಐದು ನಿಮಿಷ ಜಾಸ್ತಿ ನಿಂತರೆ ಇದೆಲ್ಲ ಕಾಣುತ್ತದೆ.

ಮಾನಮೋಡಿ, ಶಿವನೇರಿ, ತುಳಜಾ ಬೆಟ್ಟಗಳಲ್ಲೂ ಹೀಗೇ. ತುಳಜಾದಲ್ಲಿ ಹನ್ನೆರಡು ಕಂಬಗಳು ದುಂಡಗೆ ನಿಂತ ಒಂದು ಚೈತ್ಯವಿದೆ, ಮೇಲೆ ಗುಮ್ಮಟ. ಅಂಥದ್ದು ಬಹಳ ಅಪರೂಪ. ಆದರೆ ನನಗೆ ಶಿಲ್ಪಕ್ಕಿಂತ ಹೆಸರುಗಳ ಹುಚ್ಚು. ಕೊಟ್ಟವರು ಯಾರು ಯಾರು? ಕ್ಷತ್ರಪ ನಹಪಾನನ ಅಮಾತ್ಯ ಅಯಮ ಒಂದು ಮಂಟಪ ಮತ್ತು ನೀರಿನ ತೊಟ್ಟಿ ಕೊಟ್ಟ. 46ನೇ ವರ್ಷ ಎಂದಿದೆ. ಶಕ ವರ್ಷವೆಂದು ಹಿಡಿದರೆ ಕ್ರಿ.ಶ. 124. ಇರಿಲ ಎಂಬ ಯವನ ಎರಡು ತೊಟ್ಟಿ ಕೊಟ್ಟ. ಚಿಟ ಎಂಬ ಇನ್ನೊಬ್ಬ ಯವನ ಸಂಘಕ್ಕೆ ಊಟದ ಮಂಟಪ ಕೊಟ್ಟ. ಯವನ ಎಂದರೆ ಗ್ರೀಕ್ ಮೂಲದವರು ಅಥವಾ ಪಡುವಣ ಕಡಲಾಚೆಯವರು. ಅದುಥುಮ ಎಂಬ ಶಕ, ಕರಂಜ ಮರಕ್ಕೂ ಆಲದ ಮರಕ್ಕೂ ಹೊಲ ಬಿಟ್ಟುಕೊಟ್ಟ. ಕರಂಜ ಎಂದರೆ ನಮ್ಮ ಹೊಂಗೆ. ಧಾನ್ಯದ ವ್ಯಾಪಾರಿಗಳ, ಕಂಚುಗಾರರ, ಬಿದಿರು ಕೆಲಸದವರ ಸಂಘಗಳ ಹೆಸರೂ ಈ ಬೆಟ್ಟಗಳಲ್ಲಿದೆ. ರಾಜರು ಬರೆಸಿದ್ದು ಕಡಿಮೆ. ದುಡಿದು ತಿನ್ನುವವರು, ಎಲ್ಲಿಂದಲೋ ಬಂದವರು ಬರೆಸಿದ್ದು ಹೆಚ್ಚು.

ಚಳಿಗಾಲದ ಕೊನೆಗೆ ಇಲ್ಲಿ ದ್ರಾಕ್ಷಿಯ ಸುಗ್ಗಿ. ಕಪ್ಪು ಜಂಬೋ ದ್ರಾಕ್ಷಿ ರಸ್ತೆ ಬದಿಯಲ್ಲೇ ಸಿಗುತ್ತದೆ. ಫೆಬ್ರವರಿ 19ಕ್ಕೆ ಶಿವನೇರಿಯಲ್ಲಿ ಜಾತ್ರೆಯಂಥ ಜನ. 1630ರ ಆ ದಿನ ಶಿವಾಜಿ ಹುಟ್ಟಿದ್ದು ಈ ಕೋಟೆಯಲ್ಲಿ. ಕೋಟೆಯ ಶಿವಾಯಿ ದೇವಿಯ ಹೆಸರನ್ನೇ ಮಗುವಿಗೆ ಇಟ್ಟರೆಂದು ಹೇಳುತ್ತಾರೆ. ತಂದೆ ಶಹಾಜಿ ಮುಂದೆ ಬೆಂಗಳೂರಿನಲ್ಲಿ ಜಹಗೀರು ಆಳಿದ. 1664ರಲ್ಲಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ತೀರಿಕೊಂಡ, ಸಮಾಧಿ ಅಲ್ಲೇ ಇದೆ. ಮಗನ ತೊಟ್ಟಿಲು ಇಲ್ಲಿ, ಅಪ್ಪನ ಸಮಾಧಿ ನಮ್ಮಲ್ಲಿ. ಜನಜಂಗುಳಿ ಬೇಡವಾದರೆ ಮರುವಾರ ಹೋಗಿ. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಹತ್ತಿರದ ಖೋಡದಿನ ರೇಡಿಯೋ ದೂರದರ್ಶಕವನ್ನು ಜನರಿಗೆ ತೋರಿಸುವ ವಾಡಿಕೆ ಇದೆ. 45 ಮೀಟರ್ ಅಗಲದ 30 ಬುಟ್ಟಿಗಳು ಹೊಲಗಳ ನಡುವೆ ಆಕಾಶ ನೋಡುತ್ತ ನಿಂತಿವೆ. ಗೋವಿಂದ್ ಸ್ವರೂಪ್ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಎದ್ದದ್ದು. ಸುತ್ತಲೂ ಬೆಟ್ಟ, ರೇಡಿಯೋ ಗದ್ದಲ ಕಡಿಮೆ ಎಂದು ಈ ಜಾಗ ಆರಿಸಿದರು. ಭಿಕ್ಷುಗಳೂ ಸದ್ದಿಲ್ಲದ ಜಾಗವನ್ನೇ ಹುಡುಕಿಕೊಂಡು ಬಂದವರಲ್ಲವೇ!

ಬೇಸಿಗೆಯಲ್ಲಿ ಜುನ್ನರಿಗೆ ಬನ್ನಿ ಎಂದರೆ ನೆಂಟರು ನನ್ನ ಮುಖ ನೋಡುತ್ತಾರೆ. ಬಿಸಿಲು ಹೌದು, ಸುಳ್ಳು ಹೇಳುವುದಿಲ್ಲ. ಬೆಳಗ್ಗೆ ಆರಕ್ಕೆ ಹತ್ತಿ ಹತ್ತಕ್ಕೆ ಇಳಿಯಬೇಕು. ಆದರೆ ನೀರಿನ ಬೆಲೆ ತಿಳಿಯದೆ ಈ ನಾಡು ಅರ್ಥವಾಗುವುದಿಲ್ಲ, ನೀರಿನ ಬೆಲೆ ತಿಳಿಯುವುದು ಏಪ್ರಿಲ್‌ನಲ್ಲೇ. ಗುಹೆ ಕೊರೆದವರು ಗುಹೆಯ ಬಾಯಲ್ಲೇ ಬಂಡೆಯೊಳಗೆ ತೊಟ್ಟಿಯನ್ನೂ ಕೊರೆದರು. ಶಾಸನಗಳಲ್ಲಿ ಅದಕ್ಕೆ 'ಪೋಢಿ' ಎಂದಿದೆ. ಮೇಲಿನ ಬಂಡೆಗೆ ಬಿದ್ದ ಮಳೆ ಸಣ್ಣ ಕಾಲುವೆಗಳಲ್ಲಿ ಇಳಿದು ಅದರಲ್ಲಿ ನಿಲ್ಲುತ್ತದೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ನೆರಳು ತಪ್ಪದು. ಹಾಗಾಗಿ ನೀರು ಆರುವುದು ಕಡಿಮೆ. ಶಿವನೇರಿಯ ಮೇಲಿನ ಗಂಗಾ ಯಮುನಾ ತೊಟ್ಟಿಯ ನೀರನ್ನು ಬೇಸಿಗೆಯಲ್ಲಿ ಮುಟ್ಟಿ ನೋಡಿ, ಕೈ ತಣ್ಣಗಾಗುತ್ತದೆ. ಯವನ ಇರಿಲ ತೊಟ್ಟಿಯನ್ನೇ ಏಕೆ ಕೊಟ್ಟ ಎಂದು ನನಗೆ ಹೊಳೆದದ್ದು ಇಂಥ ಒಂದು ಏಪ್ರಿಲ್ ಬೆಳಗ್ಗೆ. ದಾರಿ ನಡೆದು ದಣಿದವನಿಗೇ ಗೊತ್ತು, ದಾರಿಯವರಿಗೆ ಏನು ಬೇಕೆಂದು.

ಬೇಸಿಗೆಯಲ್ಲಿ ಕುಕಡಿ ನದಿ ಇಳಿದಾಗ ಬೋರಿ ಬುದ್ರುಕಿನಲ್ಲಿ ದಂಡೆಯ ಮಣ್ಣಿನ ನಡುವೆ ಬಿಳಿಯ ಬೂದಿಯ ಪದರ ಕಾಣುತ್ತದೆ. ಒಲೆಯ ಬೂದಿ ಅಲ್ಲ. ದೂರದ ಸುಮಾತ್ರದ ಜ್ವಾಲಾಮುಖಿಯದು. ಅಲ್ಲಿನ ತೋಬಾ ಸಿಡಿದು ಗಾಳಿಯಲ್ಲಿ ಬಂದು ಬಿದ್ದದ್ದು ಎನ್ನುತ್ತಾರೆ. ಯಾವ ಸಿಡಿತ, ಎಷ್ಟು ಹಳೆಯದು ಎಂಬ ಬಗ್ಗೆ ಪಂಡಿತರ ಜಗಳ ಮುಗಿದಿಲ್ಲ. ಅದೇ ದಂಡೆಯಲ್ಲಿ ಶಿಲಾಯುಗದ ಕಲ್ಲಿನ ಹತ್ಯಾರುಗಳು ಸಿಕ್ಕಿವೆ. 1980ರ ದಶಕದಲ್ಲಿ ಈ ಬೂದಿಯ ಮೇಲೆ ಕೆಲಸ ಮಾಡಿದವರಲ್ಲಿ ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಒಬ್ಬರು. ಬನವಾಸಿ ಸೆಟ್ಟಿಯ ದಾರಿ ಇನ್ನೂ ಸವೆದಿಲ್ಲ ನೋಡಿ.

ಯುಗಾದಿಯ ಆಸುಪಾಸಿಗೆ ನಾರಾಯಣಗಾವಿನ ರಸ್ತೆ ಬದಿಯಲ್ಲಿ ಗುಡಾರಗಳು ಏಳುತ್ತವೆ. 'ರಾಹುಟಿ' ಎನ್ನುತ್ತಾರೆ. ತಮಾಷಾ ಮೇಳಗಳ ಬುಕಿಂಗ್ ಆಫೀಸು ಅದು. ಸುತ್ತಲ ಜಿಲ್ಲೆಗಳ ಹಳ್ಳಿಯವರು ಬಂದು, ತಮ್ಮೂರ ಜಾತ್ರೆಗೆ ಯಾವ ಮೇಳ, ಎಷ್ಟು ದುಡ್ಡು ಎಂದು ಚೌಕಾಸಿ ಮಾಡಿ, ಸುಪಾರಿ ಕೊಟ್ಟು ಹೋಗುತ್ತಾರೆ. ಇಲ್ಲಿ ಸುಪಾರಿ ಎಂದರೆ ಹೆದರಬೇಡಿ. ನಮ್ಮಲ್ಲಿ ಆಟಕ್ಕೆ ವೀಳ್ಯ ಕೊಡುತ್ತಿದ್ದರಲ್ಲ, ಹಾಗೆ. ತಮಾಷಾದ ಮಹಾ ಕಲಾವಿದೆ ವಿಠಾಬಾಯಿ ನಾರಾಯಣಗಾವಕರ್ ಈ ಊರಿನವರು. ರಾಷ್ಟ್ರಪತಿ ಪದಕ ಪಡೆದ ಆಕೆ 2002ರಲ್ಲಿ ತೀರಿಕೊಂಡದ್ದು ಮಾತ್ರ ಬಡತನದಲ್ಲಿ. ಯಕ್ಷಗಾನದ ಮೇಳಗಳನ್ನು ನೋಡಿ ಬೆಳೆದವರು ಈ ಗುಡಾರಗಳ ಮುಂದೆ ಒಂದು ಸಂಜೆ ಕಳೆಯಬೇಕು. ಭಾಷೆ ಬೇರೆ, ವೇಷ ಬೇರೆ, ಮೇಳದ ಯಜಮಾನನ ಚಿಂತೆ ಮಾತ್ರ ಒಂದೇ.

ಊಟದ ಬಗ್ಗೆ ಹೇಳದಿದ್ದರೆ ಬೈದೀರಿ. ಮಾಸವಡಿ ಎಂಬುದು ಈ ಕಡೆಯ ವಿಶೇಷ. ಕಡಲೆಹಿಟ್ಟಿನ ಹಾಳೆಯೊಳಗೆ ಎಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ ತುಂಬಿ ಸುತ್ತಿ ತುಂಡು ಮಾಡುತ್ತಾರೆ. ಹೆಸರಿನಲ್ಲಿ 'ಮಾಸ' ಇದ್ದರೂ ಪೂರಾ ಸಸ್ಯಾಹಾರ. ಖಾರದ ರಸ್ಸಾ, ಸಜ್ಜೆ ರೊಟ್ಟಿ ಜೊತೆ ತಿಂದರೆ ಉತ್ತರ ಕರ್ನಾಟಕದವರಿಗೆ ಮನೆಗೆ ಬಂದ ಹಾಗಾಗುತ್ತದೆ, ನಮ್ಮ ಕಡೆಯವರಿಗೆ ಕಣ್ಣಲ್ಲಿ ನೀರು ಬರುತ್ತದೆ.

ಒಂದು ಎಚ್ಚರಿಕೆ. ಸಂಜೆಯ ಮೇಲೆ ಕಬ್ಬಿನ ಗದ್ದೆಗಳ ಬದಿ ಒಬ್ಬೊಬ್ಬರೇ ಓಡಾಡಬೇಡಿ. ಚಿರತೆಗಳಿವೆ. ಕುಕಡಿ ಯೋಜನೆಯ ಅಣೆಕಟ್ಟುಗಳ ನೀರು ಬಂದು ಕಬ್ಬು ಬಂತು. ಕಬ್ಬಿನೊಳಗೆ ಚಿರತೆ ಮರಿ ಹಾಕಿ ಬೆಳೆಸಿತು. ಮಕ್ಕಳನ್ನು ಕಳಕೊಂಡ ಮನೆಗಳಿವೆ ಇಲ್ಲಿ. ಪ್ರವಾಸಿಗೆ ಇದು ರೋಚಕ ಸುದ್ದಿ ಆಗಬಾರದು. ಮಾಣಿಕಡೋಹದಲ್ಲಿ ಹಿಡಿದ ಚಿರತೆಗಳಿಗೊಂದು ಆಶ್ರಯ ಕೇಂದ್ರ ಇದೆ. ಚಿರತೆಗಳನ್ನು ಅಧ್ಯಯನ ಮಾಡಿದ ವಿದ್ಯಾ ಅತ್ರೇಯ ಇಲ್ಲಿ ಕಂಡುಕೊಂಡ ಸಂಗತಿ ಯೋಚಿಸುವಂಥದ್ದು. ಒಂದು ಕಡೆ ಹಿಡಿದ ಚಿರತೆಯನ್ನು ಗುರುತಿಲ್ಲದ ಇನ್ನೊಂದು ಕಾಡಿಗೆ ಒಯ್ದು ಬಿಟ್ಟರೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತು. ಬಲವಂತದಿಂದ ಎತ್ತಿ ಹಾಕಿದ ಜೀವ ಹೊಸ ಜಾಗದಲ್ಲಿ ನೆಲೆ ನಿಲ್ಲುವುದಿಲ್ಲ. ತಾನಾಗಿ ದಾರಿ ಹಿಡಿದು ಬಂದವರ ಮಾತು ಬೇರೆ.

ಇನ್ನೊಂದು ಮಾತೂ ಹೇಳಬೇಕು. ನಾಣೇಘಾಟಿನ ಅಕ್ಷರಗಳು ವರ್ಷವರ್ಷಕ್ಕೂ ಮಾಸುತ್ತಿವೆ. ಮಳೆ ಗಾಳಿ ಅರ್ಧ ಕೆಲಸ ಮಾಡಿದರೆ, ಗುಹೆಯೊಳಗೆ ರಾತ್ರಿ ಒಲೆ ಹೂಡಿದವರು, ಗೋಡೆಗೆ ತಮ್ಮ ಹೆಸರು ಕೆತ್ತಿದವರು ಉಳಿದರ್ಧ ಮಾಡಿದ್ದಾರೆ. ಇರಿಲ ತನ್ನ ಹೆಸರು ಕೊರೆಸಿದ್ದು ನಿಜ. ಆದರೆ ಮೊದಲು ಎರಡು ತೊಟ್ಟಿ ಕೊಟ್ಟು ಆಮೇಲೆ. ಪೇಶ್ವೆಗಳ ದಫ್ತರದಲ್ಲಿ ಬಳಸುತ್ತಿದ್ದ ಜುನ್ನರಿ ಕಾಗದ ಈ ಊರಿನ ಕಾಗದಗಾರರ ಕೈಕೆಲಸ. ಆ ಕಸುಬು ಹೋಯಿತು. ಮೂರ್ತಿಗಳು ಹೋದವು. ಅಕ್ಷರವೂ ಹೋದರೆ ಆಮೇಲೆ ಉಳಿಯುವುದು ಮೇಲಕ್ಕೆ ಹಾರುವ ನೀರು ಮಾತ್ರ.

ನಮ್ಮ ಎರಡು ರಾಜ್ಯಗಳ ನಡುವೆ ಗಡಿ ಬಿಸಿಯಾದಾಗ ನಿಪ್ಪಾಣಿಯ ಹತ್ತಿರ ಬಸ್ಸು ನಿಲ್ಲುತ್ತದೆ, ಬೋರ್ಡಿಗೆ ಮಸಿ ಬೀಳುತ್ತದೆ. ಆ ದಿನಗಳಲ್ಲಿ ಪುಣೆಯಲ್ಲಿರುವ ನಮಗೆ ಊರಿನಿಂದ ಫೋನು: "ಎಲ್ಲ ಸರಿ ಇದ್ದೀರಲ್ಲ?" ಸರಿಯಾಗೇ ಇರುತ್ತೇವೆ. ಅಂಥ ಒಂದು ವಾರದಲ್ಲೇ ನಾಣೇಘಾಟಿನಲ್ಲಿ ಚಹಾ ಮಾರುವ ಮುದುಕರೊಬ್ಬರು ನನ್ನ ಮರಾಠಿಯ ಧಾಟಿ ಕೇಳಿ "ಕುಠಲೇ ತುಮ್ಹಿ?" ಎಂದರು, ಯಾವ ಕಡೆಯವರು ಅಂತ. ಕರ್ನಾಟಕ ಎಂದೆ. "ಪಾಂಡುರಂಗನ ಕಡೆಯವರು ಅನ್ನಿ" ಎಂದು ಮರಾಠಿಯಲ್ಲಿ ಹೇಳಿ ಇನ್ನೊಂದು ಅರ್ಧ ಕಪ್ ಸುರಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ವಿಠ್ಠಲನನ್ನು ಕಾನಡಾ ಎಂದು ಹಾಡಿದ ಜ್ಞಾನೇಶ್ವರರ ಕಾಲದಿಂದ ಬಂದ ಮಾತು ಅದು. ಅವರು ವೇದ ಹೇಳಿಸಿದ ಕೋಣದ ಸಮಾಧಿ ಇದೇ ತಾಲ್ಲೂಕಿನ ಆಳೆಯಲ್ಲಿದೆ. ಈಗಲೂ ಜನ ಹೂವು ಇಟ್ಟು ಹೋಗುತ್ತಾರೆ.

ದೂರದ ಊರಿನಲ್ಲಿ ಬದುಕುವವನಿಗೆ, ಇದು ನನ್ನ ಊರೇ ಎಂಬ ಪ್ರಶ್ನೆ ಆಗಾಗ ಕಾಡುತ್ತದೆ. ಜುನ್ನರಿನ ಬೆಟ್ಟಗಳಲ್ಲಿ ಅದಕ್ಕೆ ಒಂದು ಹಳೆಯ ಉತ್ತರ ಸಿಗುತ್ತದೆ. ಕಲ್ಯಾಣದವನು, ಶಕ, ಯವನ, ಬಹಮನಿಗಳ ಕಾಲದ ಖುರಾಸಾನದವನು, ಇವರಲ್ಲಿ ಯಾರನ್ನೂ ಈ ನೆಲ ಎಲ್ಲಿಯವನು ಎಂದಷ್ಟೇ ನೆನಪಿಟ್ಟಿಲ್ಲ. ಏನು ಕೊಟ್ಟ ಎಂಬುದೂ ಕಲ್ಲಿನ ಮೇಲಿದೆ: ತೊಟ್ಟಿ, ಊಟದ ಮನೆ, ಮರ, ಬಿಡಿಸಿಕೊಟ್ಟ ಒಂದು ಕುದುರೆ. ಕುದುರೆಯದು ಕಲ್ಲಿನ ಮೇಲಿಲ್ಲ, ರಷ್ಯನ್ ಪುಸ್ತಕದಲ್ಲಿದೆ, ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬನ್ನಿ. ಮಳೆಗಾಲವಾದರೆ ಕೊಡೆ ಬಿಟ್ಟು ರೇನ್‌ಕೋಟ್ ತನ್ನಿ, ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಚಳಿಗಾಲವಾದರೆ ಎರಡು ದಿನ ಇಟ್ಟುಕೊಂಡು ಬನ್ನಿ. ಬೇಸಿಗೆಯಾದರೆ ನೀರಿನ ಬಾಟಲಿ ದೊಡ್ಡದಿರಲಿ. ಶಿವನೇರಿ ಹತ್ತುವಾಗ ದಾರಿಯಲ್ಲಿ ಯಾರಾದರೂ ಬಾಯಾರಿ ಕೂತಿದ್ದರೆ ಅವರಿಗೂ ಒಂದು ಗುಟುಕು ಕೊಡಿ. ಆ ಬೆಟ್ಟದಲ್ಲಿ ಅದು ಹಳೇ ಪದ್ಧತಿ.